ಎಡ ಕಾಲಮ್ಮು, ಬಲ ಕಾಲಮ್ಮು

ವಾಲ್ಪರೈಸೋದ ಗುಡ್ಡ ಸುಟ್ಟು ಒಂಬತ್ತನೆಯ ದಿನ.
ವಿಮಾ ಕಂಪನಿಯ ಮಿರೆಯಾ ಓಯಾರ್ಸೂನ್
ಬೂದಿಯಲ್ಲಿ ಬೂಟು ಊರಿ ನಿಂತಿದ್ದಾಳೆ.
ಬೆಳಗಿನಿಂದ ಇದು ಹದಿನೇಳನೆಯ ಮನೆ.
ಮನೆ ಅನ್ನುವುದು ರೂಢಿ; ಇರುವುದು
ಸುರುಟಿದ ತಗಡು, ನಾಲ್ಕು ಮೆಟ್ಟಿಲು,
ಮೆಟ್ಟಿಲು ಹತ್ತಿದರೆ ನೇರ ಆಕಾಶ, ಕೆಳಗೆ ಸಮುದ್ರ.

ಫಾರಮ್ಮಿನಲ್ಲಿ ಎರಡು ಕಾಲಮ್ಮು.
ಎಡಕ್ಕೆ ಅಗತ್ಯ, ಬಲಕ್ಕೆ ಇತರೆ.
ಮಂಚ ಎಡಕ್ಕೆ. ಒಲೆ ಎಡಕ್ಕೆ. ಫ್ರಿಜ್ಜು, ಒಂದೇ ಆದರೆ, ಎಡಕ್ಕೆ.
ಮೀನಿನ ತೊಟ್ಟಿ, ಎರಡನೆಯ ಟೀವಿ, ಮದುವೆಯ ಬೂಟು ಬಲಕ್ಕೆ.
ಎಡದವಕ್ಕೆ ಹದಿನೈದು ದಿನದಲ್ಲಿ ದುಡ್ಡು,
ಬಲದವಕ್ಕೆ ಪತ್ರವ್ಯವಹಾರ.
ಹನ್ನೆರಡು ವರ್ಷದ ಸರ್ವೀಸಿನಲ್ಲಿ ಅವಳ ಪೆನ್ನು
ಒಮ್ಮೆಯೂ ನಡುಗೆರೆಯ ಮೇಲೆ ನಿಂತದ್ದಿಲ್ಲ.

(ಇದನ್ನು ಬರೆಯುವ ನನಗೆ ಆ ಅನುಕೂಲವಿಲ್ಲ.
ಅವಳ ಭಾಷೆಯಲ್ಲಿ ಎರಡಕ್ಕೂ ಬೇರೆ ಬೇರೆ ಕ್ರಿಯಾಪದ;
ನನ್ನದರಲ್ಲಿ ನೀರೂ ಬೇಕು, ಮೂರನೆಯ ಸೈಟೂ ಬೇಕು,
ಅದೇ ಒಂದು ಬೇಕು, ಹಸಿದವನ ಬಾಯಲ್ಲೂ
ತೇಗಿದವನ ಬಾಯಲ್ಲೂ.)

ಮುದುಕ ಫಿದೆನ್ಸಿಯೋ, ಗುಡ್ಡ ಹತ್ತುವ ಹಗ್ಗದ ರೈಲಿನಲ್ಲಿ
ನಲವತ್ತು ವರ್ಷ ಗೇರು ಎಳೆದವನು,
ಮೊದಲ ಸಾಲಿಗೇ ಹೇಳಿದ: "ಕರೆಗಂಟೆ. ಬರೆದುಕೊ."
"ಬಾಗಿಲೇ ಇಲ್ಲವಲ್ಲ, ದೋನ್ ಫಿದೆನ್ಸಿಯೋ."
"ಬಾಗಿಲು, ನಾನು ಒಳಗಿರೋದಕ್ಕೆ.
ಗಂಟೆ, ಹೊರಗೆ ಯಾರಾದರೂ ಇರಬಹುದು ಅನ್ನೋದಕ್ಕೆ."

ಪೆನ್ನು ಬಲಕ್ಕೆ ಹೋಯಿತು, ಅಭ್ಯಾಸಬಲ.
ಅಷ್ಟರಲ್ಲಿ ಫೋನು: ವಲಯ ಕಚೇರಿ. ಇನ್ನೆಷ್ಟು ಮನೆ?

ರಾತ್ರಿ ಹತ್ತಕ್ಕೆ, ಹದಿನಾಲ್ಕನೆಯ ಮಹಡಿಯಲ್ಲಿ,
ಮಾರ್ಚಿನಿಂದ ನೋಯುವ ದವಡೆಹಲ್ಲಿಗೆ ಲವಂಗ ಒತ್ತಿಕೊಂಡು
ಉಳಿದೊಂದು ಖಾಲಿ ಫಾರಂ ತೆಗೆದಳು. ತಮಾಷೆಗೆ.
ಬೆಂಕಿ ಬೀಳದ ಮನೆಯಲ್ಲಿ ಏನೇನು ಸುಟ್ಟಿದೆ ನೋಡೋಣ ಅಂತ.
ಬಲಗಡೆ ಸಲೀಸು: ಪೆಟ್ಟಿಗೆ ಬಿಚ್ಚದ ಕಾಫಿ ಯಂತ್ರ,
ಹೆಜ್ಜೆ ಎಣಿಸುವ ಗಡಿಯಾರ
(ಎಣಿಸಿದ್ದು ಹೆಚ್ಚೂಕಮ್ಮಿ ಬೇರೆಯವರ ಮೆಟ್ಟಿಲು),
ಓಟದ ಬೂಟು, ಓಡಿದ್ದು ಆಫೀಸಿಗೆ,
ಕಂತಿನಲ್ಲಿ ಕೊಂಡ ದೋಣಿ, ನೆಲಮಾಳಿಗೆಯಲ್ಲಿ ಒಣಗಿಕೊಂಡು.
ಎಡಕ್ಕೆ: ನಿದ್ದೆ. ಹಲ್ಲು.
ತಂಗಿ ನೆಲ್ದಾಗೆ ಫೋನು.
ನೌಕರಿ ಎಲ್ಲಿಗೆ?
ಎಡಕ್ಕೇ ಬರೆದಳು, ಬಾಡಿಗೆ ಇದೆಯಲ್ಲ.
ನೌಕರಿಯ ಬೆನ್ನಿಗೆ ಬಂದ 'ಪುರುಸೊತ್ತಿಲ್ಲ'?
ಹಾಗನ್ನುವಾಗ ನಾಲಿಗೆಗೆ ತಾಗುವ ಸಣ್ಣ ಸಿಹಿ?
ಪೆನ್ನು ಗೆರೆಯ ಮೇಲೆ ನಿಂತಿತು.
ಶಾಯಿ ಚುಕ್ಕೆಯಾಗಿ ಎರಡೂ ಕಡೆ ಹರಡಿತು.

ಆಗ ಕರೆಗಂಟೆ ಸದ್ದಾಯಿತು.
ಪಾರ್ಸೆಲ್ಲಿನ ಹುಡುಗ. ಏನು ತರಿಸಿದ್ದೆ, ಅವಳಿಗೇ ನೆನಪಿಲ್ಲ.
ಸಹಿ ಹಾಕುತ್ತ ಹಾಕುತ್ತ ಹೊಳೆಯಿತು:
ಈ ವರ್ಷ ಈ ಗುಂಡಿ ಒತ್ತಿದವರೆಲ್ಲ ಈ ಅಂಗಿಯವರೇ.
ನೀರು ಬೇಕೇನಪ್ಪ, ಕೇಳಿದಳು.
ಅವನಿಗೆ ಪುರುಸೊತ್ತಿರಲಿಲ್ಲ.

ಮರುದಿನ ಕರೆಗಂಟೆಯನ್ನು ಎಡಕ್ಕೆ ದಾಟಿಸಿದಳು.
ಮೇಲಧಿಕಾರಿ ಮಧ್ಯಾಹ್ನದೊಳಗೆ ಕೆಂಪು ಗೆರೆ ಎಳೆದ.
ಅವನದೇನೂ ತಪ್ಪಿಲ್ಲ, ಕಾಲಮ್ಮು ಅವನು ಮಾಡಿದ್ದಲ್ಲ.

ಶನಿವಾರ, ಹಲ್ಲಿನ ಡಾಕ್ಟರಿಗೆಂದು ಎತ್ತಿಟ್ಟ ಒಂದು ಗಂಟೆಯಲ್ಲಿ
ಒಂದು ಗಂಟೆ ಕೊಂಡು ಗುಡ್ಡ ಹತ್ತಿದಳು.
ತಗುಲಿಸಲು ಇನ್ನೂ ಗೋಡೆಯಿರಲಿಲ್ಲ.
ಮುದುಕ ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದ,
ಹೆಬ್ಬೆರಳಲ್ಲಿ ಒತ್ತಿದ. ಕಿವಿಗೆ ಹಿಡಿದು ಮತ್ತೆ ಒತ್ತಿದ.
ಗಾಳಿ. ಕೆಳಗೆಲ್ಲೋ ಗ್ಯಾಸ್ ಗಾಡಿಯವನು ಸಿಲಿಂಡರು ಬಡಿಯುವ ಸದ್ದು.
"ಬ್ಯಾಟರಿ," ಅಂದ, ತಲೆ ಎತ್ತದೆ,
"ಎರಡು ಬೇಕು."